ಆಲ್ ವ್ಹೀಲ್ ಡ್ರೈವ್ ಗಾಡಿ, ಒಂದೇ ಚಕ್ರದಲ್ಲಿ ಇಳಿಯುವ ಗಾಳಿ: ಪುಣೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬ ಹತ್ತಿರ ಬಂತು ಅಂದ್ರೆ ಪುಣೆಯ ಕನ್ನಡಿಗರ ಗಾಡಿಗಳು ಊರಿನ ಕಡೆ ಮುಖ ಮಾಡುತ್ತವೆ. ಕಾತ್ರಜ್ ದಾಟಿ ಬೆಳಗಾವಿ, ಹುಬ್ಬಳ್ಳಿಗೆ ಹೋಗುವವರು ಕೆಲವರು. ಸೊಲ್ಲಾಪುರದ ದಾರಿ ಹಿಡಿದು ವಿಜಯಪುರ, ಕಲಬುರಗಿಗೆ ಹೋಗುವವರು ಕೆಲವರು. ಹೊರಡುವ ಹಿಂದಿನ ದಿನ ಬರುವ ಫೋನುಗಳಲ್ಲಿ ಒಂದು ಮಾತು ಮಾತ್ರ ತಪ್ಪುವುದಿಲ್ಲ: "ಒಂದೇ ಚಕ್ರದಲ್ಲಿ ಗಾಳಿ ಕಮ್ಮಿ ಆಗ್ತಾ ಇದೆ, ಹೊಡೆಸಿಕೊಂಡು ಹೊರಡಲಾ?"

ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಗಾಡಿಯಾದರೆ ಉತ್ತರ ಚಿಕ್ಕದು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಗೆ, ಅಂದ್ರೆ ಆಲ್ ವ್ಹೀಲ್ ಡ್ರೈವ್‌ಗೆ, ಸ್ವಲ್ಪ ಉದ್ದ. ಅಲ್ಲಿ ಒಂದು ಚಿಕ್ಕ ಪಂಕ್ಚರ್ ಕೆಲಸವನ್ನು ಮುಂದೆ ಹಾಕುತ್ತಾ ಹೋದರೆ, ಒಂದು ದಿನ ಅದು ನಾಲ್ಕು ಟೈರಿನ ಬಿಲ್ ಆಗಿ ಬಂದು ನಿಲ್ಲಬಹುದು. ನಮ್ಮವರಲ್ಲೇ ಒಬ್ಬರಿಗೆ ಹಾಗೆ ಆಗಿದೆ. ಇನ್ನೊಬ್ಬರಿಗೆ ಆಗಬಾರದು ಅಂತಲೇ ಇದನ್ನು ಬರೆದಿದ್ದೇನೆ.

ಗಾಳಿ ಸ್ವಲ್ಪ ಇಳಿಯೋದು ಸಹಜ ಅಲ್ವಾ? ಸೋರಿಕೆ ಅಂತ ಯಾವಾಗ ಅನ್ನಬೇಕು?

ಸಹಜವೇ. ಟೈರಿನ ರಬ್ಬರ್ ಮೂಲಕವೇ ಗಾಳಿ ಮೆಲ್ಲಗೆ ಹೊರಗೆ ಹೋಗುತ್ತದೆ. ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿದರೆ ಚಿಂತೆ ಬೇಡ. ಆದರೆ ಅದು ನಾಲ್ಕೂ ಚಕ್ರದಲ್ಲಿ ಹೆಚ್ಚುಕಮ್ಮಿ ಒಂದೇ ಸಮ ಇಳಿಯಬೇಕು. ಮೂರು ಚಕ್ರ 32ರಲ್ಲಿ ಇದ್ದು, ಒಂದು ಮಾತ್ರ ವಾರದಲ್ಲಿ 28ಕ್ಕೆ ಬಂದರೆ ಅದು ಸೋರಿಕೆ. ಅದರಲ್ಲಿ ಅನುಮಾನ ಬೇಡ.

ಅಳತೆ ಮಾಡೋದು ಬೆಳಗ್ಗೆ, ಗಾಡಿ ಕದಲುವ ಮೊದಲು. ಓಡಿ ಬಂದ ಟೈರ್ ಬಿಸಿಯಾಗಿರುತ್ತದೆ, ಒತ್ತಡ ಜಾಸ್ತಿ ತೋರಿಸುತ್ತದೆ. ಪುಣೆಯ ಚಳಿಗಾಲದಲ್ಲಿ ಇದು ಎದ್ದು ಕಾಣುತ್ತದೆ. ಮಧ್ಯಾಹ್ನ 30 ಡಿಗ್ರಿಯಲ್ಲಿ 33 ತುಂಬಿಸಿದ ಟೈರ್, 12 ಡಿಗ್ರಿಯ ಬೆಳಗಿನಲ್ಲಿ 30ರ ಹತ್ತಿರ ಬಂದಿರುತ್ತದೆ. ಗಾಳಿ ಎಲ್ಲೂ ಹೋಗಿರುವುದಿಲ್ಲ, ಕುಗ್ಗಿರುತ್ತದೆ ಅಷ್ಟೇ. ಅದಕ್ಕೇ ಒಂದು ಚಕ್ರದ ಅಂಕಿ ಮಾತ್ರ ನೋಡಬೇಡಿ, ನಾಲ್ಕನ್ನೂ ಹೋಲಿಸಿ.

ಇನ್ನೊಂದು ಚಿಕ್ಕ ವಿಷಯ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ತುಂಬಿಸಿಕೊಂಡು ಮುಂಬೈಗೋ ಗೋವಾಗೋ ಇಳಿದರೆ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಹೆಚ್ಚು. ಬಿಸಿಲು ಒಂದೇ ಆಗಿದ್ದರೆ ಗೇಜು ಸುಮಾರು ಒಂದು ಪಿಎಸ್‌ಐ ಕಮ್ಮಿ ತೋರಿಸುತ್ತದೆ. ಇದೂ ಸೋರಿಕೆ ಅಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಟೈರ್ ಒತ್ತಡದ ದೀಪ ಹತ್ತಿಲ್ಲ. ಅಂದ್ರೆ ಸರಿ ಇದೆ ಅಂತ ಅರ್ಥ ತಾನೇ?

ಅಲ್ಲ. ಹಲವು ಗಾಡಿಗಳಲ್ಲಿ ಆ ದೀಪ ಹತ್ತುವುದು ಒತ್ತಡ ಸುಮಾರು ಕಾಲು ಭಾಗ ಇಳಿದ ಮೇಲೆ. 33 ಇರಬೇಕಾದ ಕಡೆ 25ರ ಹತ್ತಿರ ಬಂದಾಗ. ಅಷ್ಟರಲ್ಲಿ ಟೈರಿನ ಪಕ್ಕದ ಗೋಡೆ ಬಹಳ ಮಡಚಿಕೊಂಡು ಓಡಿರುತ್ತದೆ. ಚಕ್ರಕ್ಕೆ ಒಂದೊಂದು ಅಂಕಿ ತೋರಿಸುವ ಗಾಡಿಯಾದರೆ ವಾರಕ್ಕೊಮ್ಮೆ ಆ ಪುಟ ತೆರೆದು ನೋಡಿ. ಇಲ್ಲದಿದ್ದರೆ ಒಂದು ಗೇಜು ತಂದಿಟ್ಟುಕೊಳ್ಳಿ. ಎಷ್ಟಿರಬೇಕು ಅನ್ನೋದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ, ಅದನ್ನು ತುಂಬಿಸಬಾರದು.

ಎಲ್ಲಿ ಸೋರ್ತಿದೆ ಅಂತ ಮನೆಯಲ್ಲೇ ಗೊತ್ತು ಮಾಡಿಕೊಳ್ಳಬಹುದಾ?

ಖಂಡಿತ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ, ಅರ್ಧ ಲೀಟರ್ ನೀರು, ಒಂದು ಸ್ಪ್ರೇ ಬಾಟ್ಲಿ. ಅಷ್ಟೇ ಸಾಮಾನು. ಮೊದಲು ಗಾಳಿ ಪೂರ್ತಿ ತುಂಬಿಸಿ. ಒತ್ತಡ ಇದ್ದಾಗಲೇ ಗುಳ್ಳೆ ಏಳೋದು.

ಕಳೆದ ಮಳೆಗಾಲದಲ್ಲಿ ನಮ್ಮ ಗಾಡಿಯ ಹಿಂದಿನ ಬಲಗಡೆಯ ಚಕ್ರ ಹೀಗೇ ಕಾಡಿತು. ಸೋಮವಾರ 33, ಗುರುವಾರ 30, ಭಾನುವಾರ 27. ಕೋಥ್ರೂಡಿನ ನಮ್ಮ ಸೊಸೈಟಿ ಪಾರ್ಕಿಂಗಿನಲ್ಲಿ ಬೆಳಗ್ಗೆ ಕೂತು ನೋಡಿದಾಗ, ಟ್ರೆಡ್ಡಿನ, ಅಂದ್ರೆ ನೆಲಕ್ಕೆ ತಾಗುವ ರಬ್ಬರಿನ, ಸಂದಿಯಲ್ಲಿ ಒಂದು ಸ್ಕ್ರೂ ತಲೆ ಹೊಳೆಯುತ್ತಿತ್ತು. ಸುತ್ತ ರಬ್ಬರ್ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಸೋಪು ನೀರು ಹೊಡೆದ ಮೇಲೆ ಹತ್ತು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. ಪಂಕ್ಚರ್ ಹಾಕಿಸಿದೆ. ಮುಂದಿನ ವಾರ ಮತ್ತೆ 31! ಮತ್ತೆ ಕೂತೆ. ಈ ಸಲ ವಾಲ್ವ್ ಬಾಯಿಗೆ ಸೋಪು ನೀರು ಬಿಟ್ಟರೆ ನೊರೆ ಮೆಲ್ಲಗೆ ಉಬ್ಬಿ ಬಂತು. ವಾಲ್ವ್ ಪಿನ್ ಸಡಿಲ. ಬಿಗಿ ಮಾಡಿದರೂ ನಿಲ್ಲಲಿಲ್ಲ, ಹೊಸ ಪಿನ್ ಹಾಕಿದ ಮೇಲೆ ನಿಂತಿತು.

ಹಾಗಾಗಿ ಒಂದು ಜಾಗ ಸಿಕ್ಕಿತು ಅಂತ ನಿಲ್ಲಬೇಡಿ. ಟ್ರೆಡ್, ವಾಲ್ವ್ ಬಾಯಿ, ವಾಲ್ವಿನ ಬುಡ, ರಿಮ್ಮಿಗೆ ಟೈರ್ ಕೂರುವ ಅಂಚು, ಎಲ್ಲವನ್ನೂ ಸುತ್ತು ಹಾಕಿ ನೋಡಿ. ಒಳಗಡೆಯ ಅಂಚನ್ನೂ ಬಿಡಬೇಡಿ. ಅದು ನಿಂತಲ್ಲಿಂದ ಕಾಣುವುದಿಲ್ಲ, ಚಕ್ರ ಬಿಚ್ಚಿಯೇ ನೋಡಬೇಕು.

ಮೊಳೆ, ಸ್ಕ್ರೂ ಕಂಡರೆ ಮನೆಯಲ್ಲಿ ಕೀಳಬೇಡಿ. ಕಿತ್ತರೆ ನಿಧಾನ ಸೋರಿಕೆ ಆ ಕ್ಷಣವೇ ಜೋರು ಸೋರಿಕೆ ಆಗುತ್ತದೆ.

ಮೊಳೆ ಇಲ್ಲ, ವಾಲ್ವ್ ಸರಿ ಇದೆ. ಆದರೂ ಇಳಿಯುತ್ತೆ.

ರಿಮ್ ನೋಡಿ. ಮಳೆಗಾಲದ ಗುಂಡಿಗೆ ಜೋರಾಗಿ ಬಡಿದರೆ ಅಲಾಯ್ ರಿಮ್ಮಿನ ಒಳ ಅಂಚು ಬಾಗುತ್ತದೆ, ಕೆಲವೊಮ್ಮೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಗೊತ್ತಾಗುವುದೇ ಇಲ್ಲ. ತಾಮ್ಹಿಣಿ ಘಾಟಿಗೆ ಮಳೆ ನೋಡಲು ಹೋಗಿ ಬಂದವರ ಗಾಡಿಗಳಲ್ಲಿ ಇದನ್ನು ನೋಡಿದ್ದೇನೆ. ಹಳೆಯ ರಿಮ್ ಆದರೆ ಅಂಚಿನಲ್ಲಿ ತುಕ್ಕು ಅಥವಾ ಬಿಳಿ ಪುಡಿ ಕಟ್ಟಿಕೊಂಡು ಟೈರ್ ಸರಿಯಾಗಿ ಕೂರುವುದಿಲ್ಲ. ಟೈರ್ ಬಿಚ್ಚಿ, ಅಂಚನ್ನು ಉಜ್ಜಿ ಸ್ವಚ್ಛ ಮಾಡಿ, ಸೀಲರ್ ಹಚ್ಚಿ ಕೂರಿಸಿದರೆ ಇದು ನಿಲ್ಲುತ್ತದೆ. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಕೊಡುವವರು ಇದ್ದಾರೆ. ಹೈವೇ ಓಡಿಸುವ ಗಾಡಿಗೆ ಅದನ್ನು ನಾನು ಒಪ್ಪುವುದಿಲ್ಲ, ರಿಮ್ ಬದಲಿಸಿ.

ಸ್ಟ್ರಿಪ್ ಸಾಕಾ, ಒಳಗಿನಿಂದ ಪ್ಯಾಚ್ ಹಾಕಿಸಬೇಕಾ?

ರಸ್ತೆ ಬದಿಯಲ್ಲಿ ಚಕ್ರ ಬಿಚ್ಚದೆ ಹೊರಗಿನಿಂದ ಚುಚ್ಚುವ ಸ್ಟ್ರಿಪ್, ಮನೆ ಮುಟ್ಟಿಸಲು ಒಳ್ಳೆಯದು. ಅದರಲ್ಲಿ ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ. ಆದರೆ ನನ್ನ ಅಭಿಪ್ರಾಯ ಸ್ಪಷ್ಟ: ಆಲ್ ವ್ಹೀಲ್ ಡ್ರೈವ್ ಗಾಡಿಗೆ ಒಳಗಿನಿಂದಲೇ ಮಾಡಿಸಿ. ಕಾರಣ ಸ್ಟ್ರಿಪ್ ಹಿಡಿಯುವುದಿಲ್ಲ ಅಂತಲ್ಲ. ಟೈರ್ ಬಿಚ್ಚಿದಾಗ ಮಾತ್ರ ಒಳಗೆ ಏನಾಗಿದೆ ಅಂತ ಕಾಣುತ್ತದೆ. ಗಾಳಿ ಕಮ್ಮಿ ಇದ್ದಾಗ ಓಡಿಸಿದ ಟೈರಿನ ಒಳಮೈ ಸವೆದಿರುತ್ತದೆ, ಹೊರಗಿನಿಂದ ಅದರ ಸುಳಿವೇ ಸಿಗುವುದಿಲ್ಲ.

ಅಣಬೆಯ ಆಕಾರದ ಪ್ಯಾಚ್ ಬರುತ್ತದೆ, ಅಂಗಡಿಗಳಲ್ಲಿ ಮಶ್ರೂಮ್ ಪ್ಯಾಚ್ ಅನ್ನುತ್ತಾರೆ. ಅದರ ಕಾಂಡ ತೂತನ್ನು ತುಂಬುತ್ತದೆ, ಟೋಪಿ ಒಳಗಿನಿಂದ ಮುಚ್ಚುತ್ತದೆ. ನೀರು ತೂತಿನಿಂದ ಒಳಹೊಕ್ಕು ಉಕ್ಕಿನ ಎಳೆಗಳಿಗೆ ತುಕ್ಕು ಹಿಡಿಯುವುದೂ ತಪ್ಪುತ್ತದೆ. ತೂತು 6 ಮಿಲಿಮೀಟರಿಗಿಂತ ಚಿಕ್ಕದಿದ್ದು, ನೆಲಕ್ಕೆ ತಾಗುವ ನಡುಭಾಗದಲ್ಲಿದ್ದರೆ ಇದು ನಡೆಯುತ್ತದೆ. ಭುಜದ ಭಾಗ, ಅಂದ್ರೆ ಟ್ರೆಡ್ ಮುಗಿದು ಗೋಡೆ ಶುರುವಾಗುವ ಅಂಚು, ಅಥವಾ ಪಕ್ಕದ ಗೋಡೆಯಲ್ಲಿ ತೂತಾದರೆ ಯಾರು ಏನೇ ಹೇಳಿದರೂ ಒಪ್ಪಬೇಡಿ. ಆ ಟೈರ್ ಮುಗಿಯಿತು.

ಅದೆಲ್ಲ ಯಾವ ಗಾಡಿಗಾದ್ರೂ ಒಂದೇ. ಆಲ್ ವ್ಹೀಲ್ ಡ್ರೈವ್‌ಗೆ ವಿಶೇಷ ಏನು?

ವಿಶೇಷ ಇರೋದು ಟೈರ್ ಹಾಳಾದ ಮೇಲೆ. ಮೊದಲು ಒಂದು ತಪ್ಪು ತಿಳುವಳಿಕೆ ಸರಿ ಮಾಡಿಕೊಳ್ಳೋಣ. ಗಾಳಿ ನಾಲ್ಕೈದು ಪಿಎಸ್‌ಐ ಕಮ್ಮಿಯಾದ ಮಾತ್ರಕ್ಕೆ ಗೇರ್‌ಬಾಕ್ಸ್ ಕೆಡುವುದಿಲ್ಲ. ರೇಡಿಯಲ್ ಟೈರಿನೊಳಗೆ ಉಕ್ಕಿನ ಪಟ್ಟಿ ಇರುವುದರಿಂದ, ಗಾಳಿ ಸ್ವಲ್ಪ ಇಳಿದರೂ ಅದು ಉರುಳುವ ಸುತ್ತಳತೆ ಬಹಳ ಬದಲಾಗುವುದಿಲ್ಲ. ಕೆಡುವುದು ಆ ಟೈರ್. ಟೈರ್ ಕೆಟ್ಟರೆ ಒಂದು ಹೊಸದು ಬರುತ್ತದೆ. ಆ ಒಂದು ಹೊಸದೇ ತೊಂದರೆಯ ಬೇರು.

ಲೆಕ್ಕ ಹಾಕೋಣ. 215/60 ಆರ್17 ಅಳತೆಯ ಟೈರ್ ತೆಗೆದುಕೊಳ್ಳಿ. ಹೊಸದಿದ್ದಾಗ ಅದರ ಎತ್ತರ ಸುಮಾರು 690 ಮಿಲಿಮೀಟರ್. ಒಂದು ಕಿಲೋಮೀಟರಿಗೆ ಸುಮಾರು 461 ಸುತ್ತು ಹಾಕುತ್ತದೆ. ಟ್ರೆಡ್ 3 ಮಿಲಿಮೀಟರ್ ಸವೆದ ಟೈರಿನ ಎತ್ತರ 6 ಮಿಲಿಮೀಟರ್ ಕಮ್ಮಿ. ಅದು ಕಿಲೋಮೀಟರಿಗೆ ಸುಮಾರು 465 ಸುತ್ತು ಹಾಕಬೇಕು. ನಾಲ್ಕು ಸುತ್ತು ತಾನೇ ಅನ್ನಿಸುತ್ತದೆ. ಪುಣೆಯಿಂದ ಬೆಳಗಾವಿ ಹತ್ತಿರ ಹತ್ತಿರ 340 ಕಿಲೋಮೀಟರ್. ಊರು ಮುಟ್ಟುವಷ್ಟರಲ್ಲಿ ಸವೆದ ಚಕ್ರ ಹೊಸದಕ್ಕಿಂತ ಸಾವಿರದ ಮುನ್ನೂರಕ್ಕೂ ಜಾಸ್ತಿ ಸುತ್ತು ತಿರುಗಿರುತ್ತದೆ.

ಎಡ ಬಲದ ವ್ಯತ್ಯಾಸವನ್ನು ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ತಡೆದುಕೊಳ್ಳುತ್ತದೆ, ಆದರೆ ತಿರುವಿನಲ್ಲಿ ಮಾತ್ರ ಆಡಬೇಕಾದದ್ದು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಆಡುತ್ತಿರುತ್ತದೆ. ಮುಂದಿನ ಹಿಂದಿನ ವ್ಯತ್ಯಾಸ ಬೀಳುವುದು ನಡುವಿನ ಕಪ್ಲಿಂಗ್ ಮೇಲೆ. ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಹೈರೈಡರ್ ಎಡಬ್ಲ್ಯುಡಿ (ಆಲ್ ವ್ಹೀಲ್ ಡ್ರೈವ್), ಎಕ್ಸ್‌ಯುವಿ700 ಎಡಬ್ಲ್ಯುಡಿ, ಹಳೆಯ ಡಸ್ಟರ್ ಎಡಬ್ಲ್ಯುಡಿ, ಇಂಥ ಗಾಡಿಗಳಲ್ಲಿ ಬೇಕಾದಾಗ ಹಿಂದಿನ ಚಕ್ರಕ್ಕೆ ಬಲ ಕೊಡಲು ಒಂದು ಕಪ್ಲಿಂಗ್ ಇರುತ್ತದೆ. ಮುಂದಿನ ಹಿಂದಿನ ವೇಗ ಬೇರೆ ಆದರೆ, ಚಕ್ರ ಜಾರುತ್ತಿದೆ ಅಂತ ಗಾಡಿ ಅಂದುಕೊಳ್ಳಬಹುದು. ಕಪ್ಲಿಂಗ್ ಹಿಡಿಯುತ್ತದೆ, ಉಜ್ಜುತ್ತದೆ, ಬಿಸಿಯಾಗುತ್ತದೆ. ಮಿತಿ ಮೀರಿ ಬಿಸಿಯಾದಾಗ ಆಲ್ ವ್ಹೀಲ್ ಡ್ರೈವನ್ನೇ ಕೆಲ ಹೊತ್ತು ನಿಲ್ಲಿಸಿ, ಪರದೆಯಲ್ಲಿ ಎಚ್ಚರಿಕೆ ತೋರಿಸುವ ಗಾಡಿಗಳಿವೆ.

ಸುಬಾರು ಕಂಪನಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾಲ್ಕು ಟೈರಿನ ಸುತ್ತಳತೆಯ ವ್ಯತ್ಯಾಸ ಕಾಲಿಂಚು, ಅಂದ್ರೆ 6.4 ಮಿಲಿಮೀಟರ್ ಮೀರಬಾರದು ಅನ್ನುತ್ತದೆ. ಟ್ರೆಡ್ ಆಳದಲ್ಲಿ ಹೇಳಿದರೆ ಬರೀ ಒಂದು ಮಿಲಿಮೀಟರ್. ಅದೇ ಎಲ್ಲ ಗಾಡಿಗೂ ನಿಯಮ ಅಲ್ಲ. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು.

ನಿಮ್ಮವರೊಬ್ಬರಿಗೆ ಆಯ್ತು ಅಂದ್ರಲ್ಲ, ಏನಾಯ್ತು?

ನಮ್ಮ ಸೊಸೈಟಿಯಲ್ಲಿ ನಾವೆಲ್ಲ ಕಾಕಾ ಅಂತ ಕರೆಯುವ ವಿಜಯಪುರದ ಹಿರಿಯರೊಬ್ಬರಿದ್ದಾರೆ. ಒಂದು ತಿಂಗಳು ಎಡಗಡೆಯ ಹಿಂದಿನ ಚಕ್ರಕ್ಕೆ ವಾರ ವಾರ ಗಾಳಿ ಹೊಡೆಸುತ್ತಾ ಕಳೆದರು. ಸಾತಾರಾದಿಂದ ರಾತ್ರಿ ವಾಪಸ್ ಬರುವಾಗ ದೀಪ ಹತ್ತಿತು. ಮನೆ ಹತ್ತಿರವೇ ಇದೆ ಅಂತ ಓಡಿಸಿಕೊಂಡು ಬಂದರು. ಮರುದಿನ ಅಂಗಡಿಯಲ್ಲಿ ಟೈರ್ ಬಿಚ್ಚಿದಾಗ ಒಳಗಿನಿಂದ ಕರಿ ಪುಡಿ ಸುರಿಯಿತು, ಒಂದು ಬೊಗಸೆಯಷ್ಟು. ಅದು ಪಕ್ಕದ ಗೋಡೆಯ ಒಳಮೈ ರಬ್ಬರ್. ಹೊರಗಿನಿಂದ ಟೈರ್ ನೋಡಲು ಚೆನ್ನಾಗಿಯೇ ಇತ್ತು. ಸೋರಿಕೆಗೆ ಕಾರಣ ಎರಡು ಸೆಂಟಿಮೀಟರಿನ ಮೊಳೆ.

ಉಳಿದ ಮೂರು ಟೈರಿನಲ್ಲಿ 5 ಮಿಲಿಮೀಟರ್ ಟ್ರೆಡ್ ಇತ್ತು. ಅಂಗಡಿಯವರು ಒಂದು ಹೊಸದು ಹಾಕಿ ಕಳಿಸಿದರು, ಅದರಲ್ಲಿ 8. ಕೆಲವು ವಾರದಲ್ಲಿ ಪಾರ್ಕಿಂಗಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಹಿಂದಿನಿಂದ ಗುರ್ ಗುರ್ ಸದ್ದು, ಗಾಡಿ ಯಾರೋ ಹಿಡಿದು ಎಳೆದಂತೆ ಆಗುವುದು ಶುರುವಾಯಿತು. ಕೊನೆಗೆ ಇನ್ನೂ ಮೂರು ಟೈರ್ ಕೊಂಡರು. ಆ ಮೊಳೆಯನ್ನು ಮೊದಲ ವಾರವೇ ತೆಗೆಸಿದ್ದರೆ ಇಷ್ಟೆಲ್ಲ ಇರಲಿಲ್ಲ.

ನನ್ನದು ಥಾರ್ ಅಥವಾ ಜಿಮ್ನಿ. ನನಗೂ ಇದು ಅನ್ವಯಿಸುತ್ತಾ?

ಅರ್ಧ ಮಾತ್ರ. ಅವು ಬೇಕಾದಾಗ ಲಿವರ್ ಎಳೆದು ನಾಲ್ಕು ಚಕ್ರಕ್ಕೆ ಹಾಕುವ ಗಾಡಿಗಳು. ಟು-ಹೈನಲ್ಲಿ, ಅಂದ್ರೆ ಹಿಂದಿನ ಎರಡು ಚಕ್ರದ ಬಲದಲ್ಲಿ, ಓಡುವಾಗ ಮುಂದಿನ ಚಕ್ರಕ್ಕೆ ಎಂಜಿನ್ ಸಂಬಂಧ ಇರುವುದಿಲ್ಲ. ಆದರೆ ಫೋರ್-ಹೈಗೆ, ಅಂದ್ರೆ ನಾಲ್ಕೂ ಚಕ್ರಕ್ಕೆ, ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಗಟ್ಟಿಯಾಗಿ ಜೋಡಿಕೊಳ್ಳುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ಆಗ ಟೈರ್ ವ್ಯತ್ಯಾಸ ಇದ್ದರೆ ಇನ್ನೂ ಜೋರಾಗಿ ತಾಗುತ್ತದೆ. ಒಣ ಡಾಂಬರಿನ ಮೇಲೆ ಫೋರ್-ಹೈ ಬೇಡವೇ ಬೇಡ.

ಒಂದು ಟೈರ್ ಹೋಯ್ತು, ಉಳಿದ ಮೂರು ಅರ್ಧ ಸವೆದಿವೆ. ಈಗೇನು ಮಾಡಲಿ?

ಮೊದಲು ಸ್ಟೆಪ್ನಿ ನೋಡಿ. ಅದೇ ಅಳತೆಯ, ಅದೇ ಕಂಪನಿಯ ಪೂರ್ಣ ಟೈರ್ ಆಗಿದ್ದು, ಆಗಾಗ ಅದಲು ಬದಲು ಮಾಡಿಸಿ ಅದೂ ಸವೆದಿದ್ದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಐದು ಚಕ್ರವನ್ನೂ ಸರದಿಯಲ್ಲಿ ಓಡಿಸಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಅದಿಲ್ಲದಿದ್ದರೆ ಟ್ರೆಡ್ ಆಳ ಅಳೆಯಿರಿ. ಇದಕ್ಕೆ ಪೆನ್ನಿನಂಥ ಅಗ್ಗದ ಗೇಜು ಸಿಗುತ್ತದೆ. ಉಳಿದ ಮೂರು ಬಹುತೇಕ ಹೊಸದಾಗಿದ್ದರೆ, ಅದೇ ಕಂಪನಿಯ ಅದೇ ಮಾದರಿಯ ಒಂದು ಹೊಸದು ಸಾಕು. ಅದೇ ಮಾದರಿಯ, ಅಷ್ಟೇ ಸವೆದ ಹಳೆಯ ಟೈರ್ ಸಿಕ್ಕರೂ ಆಗಬಹುದು. ಆದರೆ ಅದರ ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಅಂದ್ರೆ 2022ರ 23ನೇ ವಾರ ತಯಾರಾದದ್ದು. ಒಳಮೈ ಪರೀಕ್ಷೆ ಮಾಡದೆ ಹಳೆಯದನ್ನು ಕೊಳ್ಳಬೇಡಿ.

ಉಳಿದವು ಮೂರು ಮಿಲಿಮೀಟರಿನ ಆಸುಪಾಸಿಗೆ ಬಂದಿದ್ದರೆ ಯೋಚನೆ ಬೇಡ, ನಾಲ್ಕನ್ನೂ ಬದಲಿಸಿ. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್. ಆದರೆ ಸಹ್ಯಾದ್ರಿಯ ಮಳೆಗೆ ಅಷ್ಟು ಟ್ರೆಡ್ ಏನೇನೂ ಸಾಲದು. ನಡುವೆ ಸಿಕ್ಕಿಕೊಂಡವರಿಗೆ, ಅಂದ್ರೆ ಐದು ಮಿಲಿಮೀಟರಿನವರಿಗೆ, ನೋವಿನ ನಿರ್ಧಾರ. ಪುಸ್ತಕದ ಮಿತಿಯೊಳಗೆ ಬಂದರೆ ಒಂದು ಆಕ್ಸಲ್‌ಗೆ ಜೋಡಿ ಹೊಸದು ಹಾಕಿಸಿ. ಬರದಿದ್ದರೆ ನಾಲ್ಕು.

ಸ್ಟೆಪ್ನಿ ಸಣ್ಣದು. ಹಾಕಿಕೊಂಡು ಎಷ್ಟು ದೂರ ಹೋಗಬಹುದು?

ಪಂಕ್ಚರ್ ಅಂಗಡಿವರೆಗೆ. ಸಣ್ಣ ಸ್ಟೆಪ್ನಿಗಳ ಮೇಲೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ ಬರೆದಿರುತ್ತದೆ, ನೀವು ಅದಕ್ಕಿಂತಲೂ ಕಮ್ಮಿ ಓಡಿಸಿ. ಮುಂದಿನ ಹಿಂದಿನ ಚಕ್ರಗಳನ್ನು ಬಿಗಿಯಾಗಿ ಜೋಡಿಸುವ ಲಾಕ್ ಮೋಡ್ ಮುಟ್ಟಬೇಡಿ. ಈಗ ಕೆಲವು ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ರಿಪೇರಿ ಕಿಟ್ ಮತ್ತು ಒತ್ತಡ ತೋರಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಅಂತ 2020ರಲ್ಲಿ ನಿಯಮ ತಿದ್ದಿದ್ದಾರೆ. ಕೊಳ್ಳುವ ಮೊದಲು ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ.

ಜಾಕ್ ಹಾಕುವಾಗ, ಗಾಡಿ ಎಳೆಸುವಾಗ ಏನು ನೋಡಿಕೊಳ್ಳಬೇಕು?

ಒಂದು ಚಕ್ರ ಮೇಲಿದ್ದಾಗ ಎಂಜಿನ್ ಚಾಲೂ ಮಾಡಿ ಗೇರ್ ಹಾಕಲೇಬಾರದು. ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಗಾಡಿಯಲ್ಲಿ ಹಿಂದಿನ ಚಕ್ರ ಎತ್ತಿದರೆ ಅದು ಸುಮ್ನೆ ಇರುತ್ತದೆ. ಇಲ್ಲಿ ಬಲ ಇನ್ನೊಂದು ಆಕ್ಸಲ್‌ಗೆ ಹೋಗಿ ಗಾಡಿ ಜಾಕ್ ಮೇಲಿಂದ ಜಿಗಿಯಬಹುದು. ಎತ್ತಿದ ಚಕ್ರಕ್ಕೆ ಓರೆಯಾಗಿ ಎದುರು ಮೂಲೆಯಲ್ಲಿರುವ ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಬಿಗಿ ಇರಲಿ.

ಎಳೆಸುವುದಾದರೆ ನಾಲ್ಕೂ ಚಕ್ರ ಮೇಲೆ ಕೂರುವ ಫ್ಲಾಟ್‌ಬೆಡ್ ಕೇಳಿ. ಎರಡು ಎತ್ತಿ ಎರಡನ್ನು ನೆಲದ ಮೇಲೆ ಉರುಳಿಸಿಕೊಂಡು ಹೋದರೆ ಕಪ್ಲಿಂಗ್ ಸುಡಬಹುದು. ಫೋನಿನಲ್ಲೇ "ಆಲ್ ವ್ಹೀಲ್ ಡ್ರೈವ್ ಗಾಡಿ" ಅಂತ ಹೇಳಿಬಿಡಿ.

ಟೈರಿನೊಳಗೆ ಸೀಲಂಟ್ ಹಾಕಿಸಿಬಿಟ್ಟರೆ? ನೈಟ್ರೋಜನ್?

ಸೀಲಂಟ್ ದಾರಿಯಲ್ಲಿ ಕೈಕೊಟ್ಟಾಗ ಮಾತ್ರ. ಆಮೇಲೆ ಅದನ್ನು ತೊಳೆಸಬೇಕು. ಒತ್ತಡದ ಸೆನ್ಸರ್ ಮೆತ್ತಿಕೊಳ್ಳಬಹುದು, ಬ್ಯಾಲೆನ್ಸಿಂಗ್ ತಪ್ಪಬಹುದು. ಅದಕ್ಕಿಂತ ದೊಡ್ಡ ತೊಂದರೆ, ಸೋರಿಕೆಯನ್ನು ಮುಚ್ಚಿಟ್ಟು ನಿಮಗೆ ಗೊತ್ತಾಗದಂತೆ ಮಾಡುತ್ತದೆ. ನೈಟ್ರೋಜನ್ ತೂತನ್ನು ಮುಚ್ಚುವುದಿಲ್ಲ. ಪೆಟ್ರೋಲ್ ಬಂಕಿನ ಪುಕ್ಕಟೆ ಗಾಳಿ ಸಾಕು.

ಮರಾಠಿ ಸರಿಯಾಗಿ ಬರಲ್ಲ. ಅಂಗಡಿಯಲ್ಲಿ ಹೇಗೆ ಹೇಳಲಿ?

ಹೊಸದಾಗಿ ಪುಣೆಗೆ ಬಂದವರಿಗೆ ಈ ನಾಲ್ಕು ಮಾತು ಸಾಕು. "ದಾದಾ, ಏಕಾಚ್ ಚಾಕಾತ್ ಹವಾ ಕಮೀ ಹೋತೇಯ್", ಒಂದೇ ಚಕ್ರದಲ್ಲಿ ಗಾಳಿ ಇಳೀತಿದೆ ಅಂತ. "ಟಾಯರ್ ಖೋಲೂನ್ ಆತೂನ್ ಪ್ಯಾಚ್ ಲಾವಾ", ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿ ಅಂತ. "ವಾಲ್ವ್ ಪಣ್ ಬಘಾ", ವಾಲ್ವ್ ಕೂಡ ನೋಡಿ ಅಂತ. ಕೆಲಸ ಮುಗಿದ ಮೇಲೆ "ಪಾಣ್ಯಾತ್ ಟಾಕೂನ್ ದಾಖವಾ", ನೀರಿನಲ್ಲಿ ಮುಳುಗಿಸಿ ತೋರಿಸಿ ಅಂತ. ಈ ಕೊನೆಯದನ್ನು ಮರೆಯಬೇಡಿ. ತೊಟ್ಟಿಯಲ್ಲಿ ಚಕ್ರ ಒಂದು ಸುತ್ತು ತಿರುಗುವಾಗ ನೀವೇ ಬಗ್ಗಿ ಗುಳ್ಳೆ ನೋಡಿ. ಒಳ್ಳೆಯ ಕೆಲಸಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೇ ಬೆರಳಿಟ್ಟು ತೋರಿಸುತ್ತಾರೆ.

ನಾಳೆ ಬೆಳಗ್ಗೆ ಬೆಳಗಾವಿಗೆ ಹೊರಡಬೇಕು, ಇವತ್ತು ರಾತ್ರಿ ಗೊತ್ತಾಯ್ತು. ಹೋಗಲಾ?

ಈಗಲೇ ಗಾಳಿ ಸರಿಯಾಗಿ ತುಂಬಿಸಿ, ಹೊತ್ತು ಬರೆದಿಟ್ಟುಕೊಳ್ಳಿ. ಬೆಳಗ್ಗೆ ಗಾಡಿ ಕದಲಿಸುವ ಮೊದಲು ನಾಲ್ಕೂ ಅಳೆಯಿರಿ. ಆ ಒಂದು ಚಕ್ರ ಉಳಿದವುಗಳಿಗಿಂತ ಎರಡು ಪಿಎಸ್‌ಐಗಿಂತ ಜಾಸ್ತಿ ಇಳಿದಿದ್ದರೆ ಹೊರಡಬೇಡಿ, ಅಂಗಡಿ ತೆರೆಯುವವರೆಗೆ ಕಾಯಿರಿ. ಖಂಬಾಟ್ಕಿ ಘಾಟಿಯ ಏರಿನಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಲಾರಿಗಳ ನಡುವೆ ಚಕ್ರ ಬದಲಿಸುವ ಜಾಗ ಸಿಗುವುದಿಲ್ಲ. ಇಳಿದೇ ಇಲ್ಲ ಅಂದ್ರೂ ಟೈರಿನಲ್ಲಿ ಮೊಳೆ ಕಂಡಿದ್ದರೆ ತೆಗೆಸಿಯೇ ಹೊರಡಿ. ಪ್ಯಾಚ್ ಹಾಕಿಸಲು ಮುಕ್ಕಾಲು ಗಂಟೆ ಸಾಕು. ಚಕ್ರ ಬಿಚ್ಚಿ ಹಾಕಿರುವುದರಿಂದ ಸಾತಾರಾ ದಾಟುವ ಮೊದಲು ಚಹಾಕ್ಕೆ ನಿಲ್ಲಿಸಿದಾಗ ಪಾನಾ ತೆಗೆದು ಐದೂ ನಟ್ಟು ಬಿಗಿ ಇವೆಯಾ ನೋಡಿಕೊಳ್ಳಿ.